ಅಪ್ಪನವರನ್ನು ನಡೆಸಿದ ಬೆಳ್ಳಿ

ನಮ್ಮ ಮನೆಯ ಪಡಸಾಲೆಯ ಗೂಟದಲ್ಲಿ ಇಂದಿಗೂ ಒಂದು ಹಳೆಯ ಚರ್ಮದ ಕೊರಳಪಟ್ಟಿ ತೂಗುತ್ತಿದೆ. ಅದು ಬೆಳ್ಳಿಯದು. ಬೆಳ್ಳಿ ಮುಧೋಳ ತಳಿಯ ಹೆಣ್ಣು ನಾಯಿ. 2012ರಿಂದ 2023ರವರೆಗೆ ಅವಳು ಜಮಖಂಡಿಯ ಹತ್ತಿರದ ನಮ್ಮ ಹೊಲಮನೆಯನ್ನು ಕಾಯ್ದಳು. ಕೊನೆಯ ಏಳು ವರ್ಷ ಪಾರ್ಶ್ವವಾಯು ಪೀಡಿತರಾಗಿದ್ದ ನಮ್ಮ ತಂದೆಯವರನ್ನೂ ಕಾಯ್ದಳು. ಆರೋಗ್ಯದ ಪುಟಗಳಲ್ಲಿ ನಾಯಿಯ ಕಥೆಗೇನು ಕೆಲಸವೆಂದು ಸದ್ಭಕ್ತರು ಕೇಳಬಹುದು. ರೋಗಿಯಿರುವ ಮನೆಯಲ್ಲಿ ನಾಯಿಯೊಂದು ಏನು ಮಾಡಬಲ್ಲದು, ಅದಕ್ಕೆ ನಾವು ಮಾಡಬೇಕಾದುದೇನು ಎಂಬೆರಡನ್ನೂ ನಾವು ಕಲಿತದ್ದು ಅವಳಿಂದಲೇ. ಎರಡನೆಯದನ್ನು ಕಲಿಯುವಾಗ ತಪ್ಪಿಯೂ ಇದ್ದೇವೆ. ಆದುದರಿಂದ ಬರೆಯುತ್ತಿದ್ದೇವೆ.

ಮುಧೋಳ ನಾಯಿಯ ಕೀರ್ತಿ ನಮ್ಮ ಸೀಮೆಯವರಿಗೆ ಹೊಸದಲ್ಲ. ಬೇಟೆಯನ್ನೇ ನೆಚ್ಚಿದ್ದ ಸಮುದಾಯಗಳು ತಲೆಮಾರುಗಳಿಂದ ಸಾಕಿಕೊಂಡು ಬಂದ ಈ ನಾಯಿಗೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಶ್ರಯವಿತ್ತರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಹಿರಿಯರು ಈಗಲೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚೀಟಿ ಹೊರಡಿಸಿತು. 2016ರಲ್ಲಿ ಮುಧೋಳ ತಾಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಿಂದ ಮರಿಗಳು ಮೀರತ್‌ನ ಸೈನ್ಯದ ತರಬೇತಿ ಕೇಂದ್ರಕ್ಕೆ ಹೋದವು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ವಿದೇಶಿ ತಳಿಗಳನ್ನೆಲ್ಲ ಹಿಂದಿಕ್ಕಿ ಮೊದಲ ಬಹುಮಾನ ಪಡೆಯಿತು. ಸಂತೋಷದ ಸಂಗತಿಯೇ. ಆದರೆ ಮುಧೋಳ, ಬೀಳಗಿಗಳ ತೋಟದ ವಸತಿಗಳಲ್ಲಿ ಪ್ರಶಸ್ತಿಯ ಗೊಡವೆಯಿಲ್ಲದೆ ಕುರಿ, ಕಬ್ಬು, ಕಣಜ ಕಾಯುವ ನೂರಾರು ನಾಯಿಗಳ ಕಾಯಕ ಅದಕ್ಕಿಂತ ಕಡಿಮೆಯದೆಂದು ನಮಗೆ ಅನಿಸಿಲ್ಲ.

ಬೆಳ್ಳಿಯನ್ನು ನಾವು ತಂದದ್ದು ಮುಧೋಳ ತಾಲೂಕಿನ ಒಬ್ಬ ರೈತರ ಮನೆಯಿಂದ. ಎರಡು ತಿಂಗಳ ಮರಿ. ಮೈಯೆಲ್ಲ ಬೆಳ್ಳಗೆ, ಕಿವಿಯ ತುದಿ ಮಾತ್ರ ಕಂದು. ವರ್ಷ ತುಂಬುವಷ್ಟರಲ್ಲಿ ಉದ್ದ ಕಾಲು, ಆಳವಾದ ಎದೆ, ಹಿಡಿಗೆ ಸಿಗುವಂಥ ನಡು. ಬಂದವರೆಲ್ಲ "ನಾಯಿಗೆ ಹೊಟ್ಟಿಗೆ ಹಾಕೂದಿಲ್ಲೇನ್ರಿ?" ಎಂದು ಕೇಳುವವರೇ. ಈ ತಳಿಯ ಪಕ್ಕೆಲುಬು ತುಸು ಕಾಣುವುದು ಸಹಜ; ಮೈ ತುಂಬಿಸಲೆಂದು ಅತಿಯಾಗಿ ಉಣಿಸಿದರೆ ಓಡುವ ಮೈಗೆ ಅದೇ ರೋಗ. ಜೋಳದ ರೊಟ್ಟಿ, ಹಾಲು, ಬೇಯಿಸಿದ ಬೇಳೆ ಅವಳ ಊಟ. ಪಶುವೈದ್ಯರು ಮೊಟ್ಟೆಯನ್ನೂ ಹೇಳಿದ್ದರು. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವಂತಿರಲಿಲ್ಲ. ತಮ್ಮ ಹೊಲದ ಗುಡಿಸಲಿನಲ್ಲಿ ಬೇರೆ ಒಲೆ ಹೂಡಿ ಬೇಯಿಸಿ ಹಾಕುತ್ತಿದ್ದ. ಅವ್ವ ಅದನ್ನು ಕಂಡೂ ಕಾಣದಂತಿದ್ದಳು.

ದಿನವೂ ಸಂಜೆ ಐದು ಗಂಟೆಗೆ ಅಪ್ಪನವರು ಹೊಲದ ಬದುವಿನ ಮೇಲೆ ಒಂದು ಸುತ್ತು ಬರುವುದು ರೂಢಿ. ಮುಂದೆ ಬೆಳ್ಳಿ, ಹಿಂದೆ ಅವರು. ನಾಲ್ಕು ವರ್ಷ ಈ ಕ್ರಮ ತಪ್ಪಲಿಲ್ಲ.

2016ರ ಮಳೆಗಾಲದ ಒಂದು ಮುಂಜಾನೆ ಅಪ್ಪನವರ ಬಾಯಿ ಓರೆಯಾಗಿ, ಬಲಗೈ ಬಲಗಾಲು ಸೋತವು. ಪಾರ್ಶ್ವವಾಯುವಿನಲ್ಲಿ ಮೊದಲ ನಾಲ್ಕೂವರೆ ಗಂಟೆ ಅಮೂಲ್ಯ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಆ ಅವಧಿಯೊಳಗಾದರೆ ಹೆಪ್ಪು ಕರಗಿಸುವ ಔಷಧ ಕೊಡಲು ಸಾಧ್ಯ. ಇದು ನಮಗೆ ತಿಳಿದಿರಲಿಲ್ಲ. ಎಣ್ಣೆ ತಿಕ್ಕುವವರನ್ನು ಹುಡುಕುತ್ತ ಅರ್ಧ ದಿನ ಕಳೆದು, ಆಮೇಲೆ ಆಸ್ಪತ್ರೆಗೆ ಹೋದೆವು. ಜೀವ ಉಳಿಯಿತು. ಮನೆಗೆ ಮರಳಿದ ಮೇಲೆ ವೈದ್ಯರು ಹೇಳಿದ ವ್ಯಾಯಾಮಕ್ಕೆ ಅಪ್ಪನವರು ಒಪ್ಪಲಿಲ್ಲ. ಮಾತು ತೊದಲುತ್ತಿದ್ದುದರಿಂದ ಮಾತನ್ನೇ ಬಿಟ್ಟರು. ಗೋಡೆಯ ಕಡೆಗೆ ಮುಖಮಾಡಿ ಮಲಗುವುದೇ ದಿನಚರಿಯಾಯಿತು.

ಆದರೆ ಬೆಳ್ಳಿಗೆ ಐದು ಗಂಟೆಯೆಂದರೆ ಐದು ಗಂಟೆಯೇ. ಹೊತ್ತಿಗೆ ಸರಿಯಾಗಿ ಒಳಬಂದು ಮಂಚದ ಅಂಚಿಗೆ ಮೂತಿಯಿಟ್ಟು ನಿಲ್ಲುವಳು. ಬೊಗಳುತ್ತಿರಲಿಲ್ಲ, ಎಳೆಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅಪ್ಪನವರು ಎಡಗೈಯಿಂದ ಬಲಗೈಯನ್ನು ಎತ್ತಿ ಅವಳ ತಲೆಯ ಮೇಲಿಟ್ಟರು. ಮನೆಗೆ ಬರುತ್ತಿದ್ದ ವ್ಯಾಯಾಮ ಚಿಕಿತ್ಸಕರು ಇದನ್ನು ಕಂಡು, ಮುಷ್ಟಿ ಬಿಚ್ಚಿ ಅವಳ ಬೆನ್ನುದ್ದಕ್ಕೂ ಕೈ ಎಳೆಯುವುದನ್ನೇ ದಿನಕ್ಕೆ ಎರಡು ಹೊತ್ತಿನ ಅಭ್ಯಾಸವನ್ನಾಗಿ ಮಾಡಿದರು. ನಾವು ಹೇಳಿದರೆ ಏಳದವರು "ಅಪ್ಪಾ, ನಡೀರಿ, ಬೆಳ್ಳಿ ಕಾಯಾಕತ್ತಾಳ" ಎಂದರೆ ಕಾಲು ಕೆಳಗಿಡುತ್ತಿದ್ದರು. ಮೊದಲು ಹೊಸ್ತಿಲವರೆಗೆ, ಆಮೇಲೆ ಅಂಗಳದ ಬೇವಿನ ಗಿಡದವರೆಗೆ, ಮರುವರ್ಷದ ಸುಗ್ಗಿಯ ಹೊತ್ತಿಗೆ ಬದುವಿನವರೆಗೆ. ಗಾಳಿಯಂತೆ ಓಡುತ್ತಿದ್ದ ನಾಯಿ ಅವರ ಹೆಜ್ಜೆಗೆ ಹೆಜ್ಜೆ ಹಾಕಿ, ಅವರು ನಿಂತಲ್ಲಿ ತಾನೂ ನಿಲ್ಲುತ್ತಿತ್ತು.

ಬೆಳ್ಳಿಯೇ ರೋಗ ಗುಣಪಡಿಸಿದಳೆಂದು ನಾವು ಹೇಳುವುದಿಲ್ಲ. ಹಾಗೆ ನಂಬಿ ಯಾರೂ ಮಾತ್ರೆ ಬಿಡಬಾರದು. ರಕ್ತದೊತ್ತಡವನ್ನು ಹತೋಟಿಗೆ ತಂದುದು ಔಷಧ, ಸ್ನಾಯುಗಳಿಗೆ ಬಲ ಕೊಟ್ಟುದು ವ್ಯಾಯಾಮ. ಏಳಬೇಕೆಂಬ ಮನಸ್ಸನ್ನು ಮಾತ್ರ ಅವಳು ಕೊಟ್ಟಳು. ಇದು ಬರಿಯ ಭಾವುಕತೆಯಲ್ಲ. ನಾಯಿ ಮತ್ತು ಅದರ ಒಡೆಯ ಪರಸ್ಪರ ಕಣ್ಣಿಟ್ಟು ನೋಡುವಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಹೆತ್ತ ತಾಯಿ ಹಸುಗೂಸನ್ನು ನೋಡುವಾಗ ಬಾಂಧವ್ಯ ಬೆಳೆಸುವುದೂ ಇದೇ ಹಾರ್ಮೋನು. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಅವರಂತೂ, ಯಾರೊಡನೆಯೂ ಬೆರೆಯದ ಮಗುವೊಂದು ತಮ್ಮ ನಾಯಿ ಜಿಂಗಲ್ಸ್‌ನೊಡನೆ ಬೆರೆತುದನ್ನು ಕಂಡು, ನಾಯಿಯನ್ನು ಸಹ-ಚಿಕಿತ್ಸಕನೆಂದು 1960ರ ದಶಕದ ಆರಂಭದಲ್ಲಿಯೇ ಬರೆದರು.

ದುಡಿಮೆ, ಉಪಚಾರ ಎರಡನ್ನೂ ಒಂದೇ ನಾಯಿ ಮಾಡಿದ ಪ್ರಸಿದ್ಧ ನಿದರ್ಶನ ಎರಡನೆಯ ಮಹಾಯುದ್ಧ ಕಾಲದ ಸ್ಮೋಕಿ. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಸಿಕ್ಕಿದ, ಎರಡು ಕಿಲೋ ಕೂಡ ತೂಗದ ಯಾರ್ಕ್‌ಶೈರ್ ಟೆರಿಯರ್ ಅದು. ವಿಲಿಯಂ ವಿನ್ ಎಂಬ ಸೈನಿಕ ಅದನ್ನು ಸಾಕಿದ. ಫಿಲಿಪ್ಪೀನ್ಸ್‌ನ ವಿಮಾನ ನಿಲ್ದಾಣವೊಂದರಲ್ಲಿ ಓಡುದಾರಿಯ ಅಡಿಯ 70 ಅಡಿ ಉದ್ದದ ಕಿರಿದಾದ ಕೊಳವೆಯೊಳಗೆ ತೆವಳಿ ಅದು ದೂರವಾಣಿಯ ತಂತಿ ಎಳೆದೊಯ್ದುದರಿಂದ, ಶತ್ರುವಿಮಾನಗಳ ಭಯದಲ್ಲಿ ದಿನಗಟ್ಟಲೆ ನೆಲ ಅಗೆಯುವುದು ತಪ್ಪಿತು. ಅದೇ ಸ್ಮೋಕಿಯನ್ನು ಸೈನ್ಯದ ಆಸ್ಪತ್ರೆಯಲ್ಲಿ ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಿದ್ದರು. ಅದು 1957ರಲ್ಲಿ ತೀರಿಕೊಂಡಿತು.

ಹೀಗೆಂದು ಮುಧೋಳ ನಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬಹುದೆಂದು ಯಾರೂ ತಿಳಿಯಬಾರದು. ಚಿಕಿತ್ಸೆಗೆ ನೆರವಾಗುವ ನಾಯಿ ಅಪರಿಚಿತರ ಸ್ಪರ್ಶವನ್ನು ಸಹಿಸಬೇಕು. ಅದಕ್ಕೆ ಸ್ವಭಾವ ಪರೀಕ್ಷೆ, ತರಬೇತಿ ಬೇಕು. ಮುಧೋಳ ನಾಯಿ ಬಿಗುಮಾನದ ಪ್ರಾಣಿ. ಬೆಳ್ಳಿ ನೆಂಟರಿಗೆ ಮೈ ಮುಟ್ಟಗೊಡುತ್ತಿರಲಿಲ್ಲ. ಅವಳು ಒಂದು ಮನೆಯ, ಅದರಲ್ಲಿಯೂ ಒಂದು ಮಂಚದ ಉಪಚಾರಕಿ. ಇನ್ನೊಂದು ಎಚ್ಚರಿಕೆಯೂ ಉಂಟು. ಈ ತಳಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವುದು. ಚಲಿಸುವುದು ಕಂಡರೆ ಕಾಲು ನಿಲ್ಲದು. 2017ರಲ್ಲಿ ಒಂದು ಸಂಜೆ ನಾವು ಬುದ್ಧಿಗೆಟ್ಟು ಅವಳ ಹಗ್ಗವನ್ನು ಅಪ್ಪನವರ ಮುಂಗೈಗೆ ಸುತ್ತಿದ್ದೆವು. ಬದುವಿನಿಂದ ಬೆಕ್ಕೊಂದು ಓಡಿತು. ಅಪ್ಪನವರು ಬಿದ್ದರು, ಮಂಡಿ ತರಚಿತು, ಎಲುಬು ಮುರಿಯದಿದ್ದುದು ಪುಣ್ಯ. ಸಮತೋಲ ತಪ್ಪುವ ರೋಗಿಯ ಕೈಗೆ ನಾಯಿಯ ಹಗ್ಗ ಕೊಡಲೇಬಾರದು. ಅಂದಿನಿಂದ ಹಗ್ಗ ತಮ್ಮನ ಕೈಯಲ್ಲಿ, ಊರುಗೋಲು ಅಪ್ಪನವರ ಕೈಯಲ್ಲಿ.

ಈಗ ನಮ್ಮ ದೊಡ್ಡ ತಪ್ಪಿನ ಮಾತು. 2019ರ ಬೇಸಿಗೆಯಲ್ಲಿ ಜೊಲ್ಲು ಸುರಿಸುತ್ತ ತೂರಾಡುವ ನಾಯಿಯೊಂದು ಹೊಲಮನೆಯ ಅಂಗಳಕ್ಕೆ ನುಗ್ಗಿತು. ಅಪ್ಪನವರು ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದರು, ಏಳಲಾರರು. ಬೆಳ್ಳಿ ಅಡ್ಡ ಬಿದ್ದಳು. ಆ ನಾಯಿ ಓಡಿಹೋಯಿತು. ಬೆಳ್ಳಿಯ ಭುಜ ಹರಿದಿತ್ತು. ತಮ್ಮ ಬರಿಗೈಯಿಂದಲೇ ಗಾಯ ತೊಳೆದ. ಅವನ ಅಂಗೈಯಲ್ಲಿ ಕುಡುಗೋಲಿನ ಹಸಿ ಗಾಯವಿತ್ತು. ಪಶುವೈದ್ಯರು ಮೊದಲು ಕೇಳಿದ್ದು ಲಸಿಕೆಯ ಚೀಟಿಯನ್ನು. ತೆಗೆದು ನೋಡಿದರೆ ವರ್ಷದ ಲಸಿಕೆಯ ದಿನ ಕಳೆದು ನಾಲ್ಕು ತಿಂಗಳಾಗಿತ್ತು. ಅಪ್ಪನವರ ಮಾತ್ರೆಯ ಹೊತ್ತು ಒಮ್ಮೆಯೂ ತಪ್ಪಿಸದ ಮನೆಯಲ್ಲಿ ಬೆಳ್ಳಿಯ ಲಸಿಕೆ ಯಾರಿಗೂ ನೆನಪಿರಲಿಲ್ಲ.

ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಬದುಕುವುದಿಲ್ಲವೆಂದೇ ತಿಳಿಯಬೇಕು. ಆದರೆ ಅದಕ್ಕೆ ಮುನ್ನ ತಡೆಯುವುದು ಸಂಪೂರ್ಣ ಸಾಧ್ಯ. ಕಚ್ಚಿದ, ಪರಚಿದ, ಅಥವಾ ಗಾಯದ ಮೇಲೆ ಜೊಲ್ಲು ತಗುಲಿದ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರಪುಡಿ, ಅರಿಷಿಣ ಯಾವುದನ್ನೂ ಮೆತ್ತಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂಬ ಹೆದರಿಕೆ ಹಳೆಯ ಕಾಲದ್ದು; ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮದೊಳಗೆ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಲಸಿಕೆ ಹಾಕುತ್ತಾರೆ. ಗಾಯ ಆಳವಾಗಿದ್ದರೆ, ಅಥವಾ ಹಸಿ ಗಾಯಕ್ಕೆ ಜೊಲ್ಲು ತಗುಲಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ತಮ್ಮನಿಗೆ ಎರಡನ್ನೂ ಕೊಟ್ಟರು.

ಬೆಳ್ಳಿಗೆ ಮತ್ತೆ ಲಸಿಕೆ ಹಾಕಿ, ವೈದ್ಯರ ಮಾತಿನಂತೆ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬೇರೆ ಇರಿಸಿದೆವು. ಆ ದಿನಗಳನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ. ಐದು ಗಂಟೆಗೆ ಅವಳು ಒಳಗಿನಿಂದ ಬಾಗಿಲು ಕೆರೆಯುವಳು. ಅಪ್ಪನವರು ಊರುಗೋಲೂರಿ ಹೋಗಿ ಹೊರಗೆ ಕಟ್ಟೆಯ ಮೇಲೆ ಕುಳಿತು ಅವಳೊಡನೆ ಮಾತಾಡುವರು. ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ಪಾರ್ಶ್ವವಾಯು ಬಂದಮೇಲೆ ನಾವು ಕೇಳಿದ್ದು ಅದೇ ಮೊದಲು. ತೊದಲು ಹಾಗೆಯೇ ಇತ್ತು, ಕೇಳುವವಳಿಗೆ ಅದರ ಚಿಂತೆಯಿರಲಿಲ್ಲ. ತಿಂಗಳುಗಳು ಕಳೆದವು, ಏನೂ ಆಗಲಿಲ್ಲ. ಬಾಗಿಲು ತೆರೆದ ದಿನ ಅವಳು ನೇರವಾಗಿ ಬದುವಿಗೆ ಓಡಿ, ಎರಡು ಸುತ್ತು ಹಾಕಿ, ಆಮೇಲೆ ಬಂದು ಅಪ್ಪನವರ ಮುಂದೆ ನಿಂತಳು.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪ್ರತಿವರ್ಷ. ವೈದ್ಯರು ಹೇಳಿದ ಕ್ರಮದಲ್ಲಿ ಜಂತುಹುಳುವಿನ ಔಷಧ. ಇವು ನಾಯಿಗಾಗಿ ಮಾತ್ರವಲ್ಲ, ಅದು ಮೂತಿಯಿಡುವ ಮಂಚದಲ್ಲಿ ಮಲಗಿರುವವರಿಗಾಗಿ ಕೂಡ. ಓಟವೂ ಹಾಗೆಯೇ. 2020ರಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಮುಧೋಳ ನಾಯಿಯನ್ನು ಹೊಗಳಿದ ಮೇಲೆ ದೂರದ ನಗರಗಳವರೂ ಮರಿ ಕೇಳತೊಡಗಿದರು. ದಿನಕ್ಕೆ ಎರಡು ಹೊತ್ತು ಬಯಲಿನಲ್ಲಿ ಬಿಡಲಾಗದವರು ಈ ನಾಯಿಯನ್ನು ತರದಿರುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ; ಕಟ್ಟಿಹಾಕಿದ ಮುಧೋಳ ನಾಯಿ ಮಂಕಾಗುತ್ತದೆ, ಇಲ್ಲವೇ ಸಿಡುಕಾಗುತ್ತದೆ.

ಬೆಳ್ಳಿ ಎರಡು ಸಲ ಮರಿ ಹಾಕಿದ್ದಳು. ಒಂದು ಮರಿ ಬೀಳಗಿ ತಾಲೂಕಿನ ಕುರಿಗಾರರೊಬ್ಬರ ಹಿಂಡಿನೊಡನೆ ಹೋಯಿತು. ಇನ್ನೊಂದು ರಬಕವಿ-ಬನಹಟ್ಟಿಯ ನೇಕಾರರ ಮನೆಗೆ; ಮಗ್ಗದ ಸದ್ದಿಗೆ ಮೊದಲು ಬೆದರುತ್ತಿದ್ದ ಅದು ಈಗ ಸದ್ದು ನಿಂತರೆ ಎದ್ದು ನೋಡುತ್ತದೆಂದು ಆ ಮನೆಯವರು ನಗುತ್ತಾರೆ. ಕೊಡುವಾಗ ಹಣ ಕೇಳಲಿಲ್ಲ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವ ಮಾತನ್ನು ಮಾತ್ರ ಪಡೆದೆವು.

2023ರ ಚಳಿಗಾಲದಲ್ಲಿ ಬೆಳ್ಳಿ ಅನ್ನ ಬಿಟ್ಟಳು. ಹನ್ನೊಂದು ವರ್ಷ ಈ ತಳಿಗೆ ತುಂಬು ಆಯುಷ್ಯವೇ. ಕೊನೆಯ ವಾರ ಮಂಚದ ಕೆಳಗೇ ಮಲಗಿದ್ದಳು. ಅಪ್ಪನವರು ಬಲಗೈಯನ್ನು ತಾವಾಗಿಯೇ ಕೆಳಗಿಳಿಸಿ ಅವಳ ಬೆನ್ನ ಮೇಲಿಡುತ್ತಿದ್ದರು, ಎಡಗೈಯ ಸಹಾಯವಿಲ್ಲದೆ. ಬೇವಿನ ಗಿಡದ ಹತ್ತಿರ ಮಣ್ಣು ಮಾಡಿದೆವು.

ಬೀಳಗಿಗೆ ಹೋದ ಮರಿಯ ಮಗಳೊಂದು ಈಗ ನಮ್ಮಲ್ಲಿದೆ. ಬಣ್ಣ ಕಂದು, ಸ್ವಭಾವ ತುಂಟ. ಬೆಳ್ಳಿಯ ಸಮಾಧಾನ ಇದಕ್ಕಿನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ. ಐದು ಗಂಟೆಗೆ ಮಾತ್ರ ಅಪ್ಪನವರೇ ಎದ್ದು, ಅದನ್ನು ಕರೆದು, ಬದುವಿನ ಕಡೆಗೆ ಹೊರಡುತ್ತಾರೆ. ಅದರ ಲಸಿಕೆಯ ಚೀಟಿಯನ್ನು ಅಪ್ಪನವರ ಮಾತ್ರೆಯ ಡಬ್ಬಿಯಲ್ಲಿಯೇ ಇಟ್ಟಿದ್ದೇವೆ.