ನಾಯಿಯ ಸೊಂಟದ ಕೀಲುನೋವು: ಸದಸ್ಯರ ಗಮನಕ್ಕೆ

ಕಿಣತ್ತುಕಡವು, ಪೊಳ್ಳಾಚಿ ಕಡೆ ಮನೆ-ತೋಟದ ಕಾವಲಿಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಸಾಕಿರುವವರು ಇದನ್ನು ಓದಬೇಕು. ದೊಡ್ಡ ತಳಿಗಳಲ್ಲಿ ಈ ತೊಂದರೆ ಹೆಚ್ಚು.

ತೊಡೆಮೂಳೆಯ ದುಂಡನೆಯ ತಲೆ ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಓಡಾಡಿದಾಗಲೆಲ್ಲ ಉಜ್ಜಿ, ಕೀಲು ಸವೆದು ಸಂಧಿವಾತವಾಗುತ್ತದೆ. ಇದು ವಂಶಪಾರಂಪರ್ಯವಾಗಿ ಬರುವ ದೋಷ. ಬೊಜ್ಜು ಅದನ್ನು ಹೆಚ್ಚಿಸುತ್ತದೆ.

ಗುರುತುಗಳು: ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುವುದು, ಏಳಲು ತಿಣುಕುವುದು, ಮೆಟ್ಟಿಲಿಗೆ ಹಿಂಜರಿಯುವುದು, ಹಿಂದೊಡೆ ಸಣ್ಣಗಾಗುವುದು. 5–6 ತಿಂಗಳ ಮರಿಯಲ್ಲೇ ಕಾಣಬಹುದು. ಸೋಮಾರಿತನವೆಂದು ಬಿಡದೆ ಪಶುವೈದ್ಯರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ.

ಪಾಲಿಸಬೇಕಾದ್ದು:

1. ತೂಕ ಹಿಡಿತದಲ್ಲಿರಲಿ. ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಎಲ್ಲಕ್ಕಿಂತ ದೊಡ್ಡ ಮದ್ದು ಇದೇ.

2. ಜಿಗಿತ ಬೇಡ, ದಿನವೂ ನಿಧಾನ ನಡಿಗೆ, ಸಾಧ್ಯವಾದರೆ ಈಜು. ಜಾರುವ ಟೈಲ್ಸ್ ಮೇಲೆ ಗೋಣಿಚೀಲ ಹಾಸಿ.

3. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೊಡಲೇಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡ ಕೆಟ್ಟು ಪ್ರಾಣವೇ ಹೋಗಬಹುದು. ನಾಯಿಗೆಂದೇ ಇರುವ ನೋವಿನ ಮಾತ್ರೆಗಳಿವೆ, ವೈದ್ಯರೇ ಬರೆದುಕೊಡಲಿ.

4. ಮರಿಗೆ ಕ್ಯಾಲ್ಸಿಯಂ ಟಾನಿಕ್ ನೀವಾಗಿಯೇ ಹಾಕಬೇಡಿ. ಹೆಚ್ಚಾದರೆ ಮೂಳೆಯ ಬೆಳವಣಿಗೆ ಕೆಡುತ್ತದೆ.

ಇಷ್ಟಕ್ಕೂ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆಯುಂಟು: ತೊಡೆಮೂಳೆಯ ತಲೆ ತೆಗೆಯುವುದು, ಇಲ್ಲವೇ ಕೃತಕ ಕೀಲು ಜೋಡಿಸುವುದು. ಉಡುಮಲಪೇಟೆ, ನಾಮಕ್ಕಲ್‌ಗಳಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಸೌಲಭ್ಯ ವಿಚಾರಿಸಿಕೊಂಡು ಹೋಗಿ.

ಮರಿ ಕೊಳ್ಳುವವರು ತಂದೆ-ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಿ. ದೋಷವಿರುವ ನಾಯಿಯಿಂದ ಮರಿ ಮಾಡಿಸಬೇಡಿ.

– ಕಾರ್ಯದರ್ಶಿ