ಪೇಟೆಯ ಧಾರಣೆ ಮತ್ತು ಒಬ್ಬ ಗಣಿತಾಧ್ಯಾಪಕ

ದಿನಪತ್ರಿಕೆಯ ವಾಣಿಜ್ಯಪುಟವನ್ನು ಸಾಹಿತ್ಯಾಸಕ್ತರಾದ ನಾವು ಮಗುಚಿಹಾಕಿ ಮುಂದೆ ಸಾಗುವುದೇ ವಾಡಿಕೆ. ಆ ಅಂಕಿಗಳ ಸಾಲಿನಲ್ಲಿ ರಸವೇನಿದ್ದೀತು ಎಂಬ ತಾತ್ಸಾರವೂ ನಮ್ಮಲ್ಲುಂಟು. ಆದರೆ ಆ ಅಂಕಿಗಳ ಏರಿಳಿತವನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಪ್ರೌಢಪ್ರಬಂಧ ಒಪ್ಪಿತವಾದ ಬಳಿಕವೂ ಖಾಯಂ ಹುದ್ದೆಗಾಗಿ 27 ವರ್ಷ ಕಾದ ಫ್ರಾನ್ಸಿನ ಲೂಯಿ ಬಾಶೆಲಿಯೇಯ ಜೀವನಚರಿತ್ರೆ, ಪ್ರಬಂಧಗಳನ್ನು ಪರೀಕ್ಷಿಸಿ ಅಭಿಪ್ರಾಯ ಬರೆಯುವ ಅಧ್ಯಾಪಕರೆಲ್ಲರೂ ಒಮ್ಮೆ ಓದಬೇಕಾದದ್ದು. ಗಣಿತದಲ್ಲಿ ನನ್ನ ಗತಿ ಬಹಳ ದೂರ ಸಾಗಿದ್ದಲ್ಲ. ಆದರೂ ಈತನ ಮೂಲ ವಿಚಾರವನ್ನು ಗ್ರಹಿಸಲು ದೊಡ್ಡ ಗಣಿತವೇನೂ ಬೇಕಿಲ್ಲ.

ಬಾಶೆಲಿಯೇ ಹುಟ್ಟಿದ್ದು 1870ರ ಮಾರ್ಚ್ 11ರಂದು, ಲ ಆವ್ರ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ದ್ರಾಕ್ಷಾಮದ್ಯದ ವರ್ತಕ; ತಾಯಿ ಲೇವಾದೇವಿಗಾರರ ಮನೆಯ ಮಗಳು. 1889ರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಹತ್ತೊಂಬತ್ತರ ಹುಡುಗ ಮನೆಯ ವ್ಯಾಪಾರವನ್ನು ವಹಿಸಿಕೊಂಡು, ಸೋದರಿಯನ್ನೂ ಮೂರು ವರ್ಷದ ತಮ್ಮನನ್ನೂ ನೋಡಿಕೊಳ್ಳಬೇಕಾಯಿತು. ಬಳಿಕ ಸೈನ್ಯದ ಕಡ್ಡಾಯ ಸೇವೆ ಬಂತು. ಆತ ಪ್ಯಾರಿಸ್ಸಿನ ಸೋರ್ಬಾನ್ ವಿದ್ಯಾಪೀಠವನ್ನು ಸೇರುವಷ್ಟರಲ್ಲಿ 1892 ಆಗಿತ್ತು. ಫ್ರಾನ್ಸಿನ ಗಣಿತವಿದ್ವಾಂಸರಲ್ಲಿ ಬಹುಮಂದಿ ಎಳವೆಯಲ್ಲೇ ಪ್ರಸಿದ್ಧ ಉನ್ನತ ಶಾಲೆಗಳನ್ನು ಹೊಕ್ಕು ಅಲ್ಲಿಯ ಸ್ನೇಹ, ಶಿಫಾರಸುಗಳ ಬಲದಿಂದ ಮೇಲೇರಿದವರು. ಬಾಶೆಲಿಯೇಗೆ ಆ ಬಾಗಿಲು ತೆರೆಯಲೇ ಇಲ್ಲ. ಆತನ ಮುಂದಿನ ಬವಣೆಗೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

1900ರ ಮಾರ್ಚ್ 29ರಂದು ಆತ ತನ್ನ ಪ್ರೌಢಪ್ರಬಂಧವನ್ನು ಪರೀಕ್ಷಕರ ಮುಂದೆ ಸಮರ್ಥಿಸಿದನು. ಪ್ರಬಂಧದ ಹೆಸರು ‘ಸಟ್ಟಾ ವ್ಯಾಪಾರದ ಸಿದ್ಧಾಂತ’. ಪ್ಯಾರಿಸ್ಸಿನ ಷೇರುಪೇಟೆಯನ್ನು, ಅಲ್ಲಿಯ ಹಣದ ಹುಚ್ಚನ್ನು, ಎಮಿಲ್ ಜೋಲಾ 1891ರಲ್ಲಿಯೇ ಕಾದಂಬರಿಯ ವಸ್ತುವಾಗಿ ಮಾಡಿಕೊಂಡಿದ್ದನು. ಕಾದಂಬರಿಕಾರನಿಗೆ ಒಪ್ಪುವ ವಸ್ತು ಗಣಿತಜ್ಞನಿಗೆ ಒಪ್ಪೀತೆ ಎಂಬ ಸಂದೇಹ ಅಂದಿನ ವಿದ್ವಾಂಸರಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ಅಂದಿನ ಪೇಟೆಯಲ್ಲಿ ಫ್ರೆಂಚ್ ಸರಕಾರದ ಸಾಲಪತ್ರಗಳ ವ್ಯಾಪಾರ ಬಿರುಸಾಗಿತ್ತು. ಇಂತಿಷ್ಟು ಬೆಲೆಗೆ ತಿಂಗಳ ಕೊನೆಯಲ್ಲಿ ಕೊಳ್ಳುತ್ತೇನೆಂದು ಕರಾರು ಮಾಡಿಕೊಳ್ಳುವುದು. ಧಾರಣೆ ಏರಿದರೆ ಕೊಂಡು ಲಾಭ ಪಡೆಯುವುದು. ಇಳಿದರೆ ಗೊತ್ತುಪಡಿಸಿದ ಒಂದಿಷ್ಟು ಹಣವನ್ನು ಬಿಟ್ಟುಕೊಟ್ಟು ಕರಾರಿನಿಂದ ಬಿಡಿಸಿಕೊಳ್ಳುವುದು—ಇಂಥದೊಂದು ಪದ್ಧತಿ ಅಲ್ಲಿತ್ತು. ಇಂದು ‘ಆಪ್ಷನ್’ ಎಂದು ಕರೆಯುವುದು ಇದರ ಸಂತತಿಯನ್ನೇ. ಹಾಗೆ ಬಿಟ್ಟುಕೊಡುವ ಹಣದ ನ್ಯಾಯವಾದ ಮೊತ್ತವೆಷ್ಟು? ದಲ್ಲಾಳಿಗಳು ರೂಢಿಯಿಂದ, ಊಹೆಯಿಂದ ಹೇಳುತ್ತಿದ್ದುದನ್ನು ಬಾಶೆಲಿಯೇ ಲೆಕ್ಕದಿಂದ ಹೇಳಹೊರಟನು.

ಆತನ ವಾದ ಸರಳವಾದುದು. ಪ್ರತಿಯೊಂದು ವ್ಯವಹಾರದಲ್ಲಿಯೂ ಕೊಳ್ಳುವವನೊಬ್ಬ, ಮಾರುವವನೊಬ್ಬ. ಒಬ್ಬನು ಏರುತ್ತದೆಂದು ನಂಬಿದರೆ ಇನ್ನೊಬ್ಬನು ಇಳಿಯುತ್ತದೆಂದು ನಂಬಿರುತ್ತಾನೆ. ಆದುದರಿಂದ ಒಂದು ಗಳಿಗೆಯಲ್ಲಿ ಪೇಟೆಯೆಂಬ ಸಮಷ್ಟಿಯು ಏರಿಕೆಯನ್ನೂ ನಂಬುವುದಿಲ್ಲ, ಇಳಿಕೆಯನ್ನೂ ನಂಬುವುದಿಲ್ಲ. ಸಟ್ಟಾಗಾರನು ಗಣಿತದ ಪ್ರಕಾರ ನಿರೀಕ್ಷಿಸಬಹುದಾದ ಲಾಭ ಸೊನ್ನೆ. ಹಾಗಾದರೆ ಧಾರಣೆಯ ನಡೆ ಎಂಥದು? ಹೆಂಡದಂಗಡಿಯಿಂದ ಹೊರಬಿದ್ದ ಕುಡುಕನ ನಡೆಯನ್ನು ನೆನೆಯಿರಿ. ಎಡಕ್ಕೊಂದು ಹೆಜ್ಜೆ, ಬಲಕ್ಕೆರಡು, ಮತ್ತೆ ಎಡಕ್ಕೆ. ಮುಂದಿನ ಹೆಜ್ಜೆ ಎತ್ತಕಡೆಗೆಂದು ಹೇಳಲು ಯಾರಿಂದಲೂ ಆಗದು. ಆದರೆ ಇಷ್ಟು ಹೊತ್ತಿನಲ್ಲಿ ಸುಮಾರು ಎಷ್ಟು ದೂರ ಸರಿದಾನು ಎಂದು ಹೇಳಬಹುದು. ನಾಲ್ಕು ಹೆಜ್ಜೆ ಇಟ್ಟವನು ಹೆಚ್ಚುಕಡಮೆ ಎರಡು ಹೆಜ್ಜೆಯ ದೂರದಲ್ಲಿರುತ್ತಾನೆ. ನೂರು ಹೆಜ್ಜೆ ಇಟ್ಟವನು ಹತ್ತು ಹೆಜ್ಜೆಯ ದೂರದಲ್ಲಿ. ಕಾಲ ನಾಲ್ಕು ಮಡಿಯಾದರೆ ಚಂಚಲತೆ ಎರಡು ಮಡಿಯಷ್ಟೇ ಆಗುತ್ತದೆ. ಈ ವರ್ಗಮೂಲದ ನಿಯಮವನ್ನು ಬಾಶೆಲಿಯೇ ಕಂಡುಹಿಡಿದು, 1894ರಿಂದ 1898ರವರೆಗಿನ ಧಾರಣೆಗಳೊಡನೆ ಹೋಲಿಸಿದನು. ಲೆಕ್ಕಕ್ಕೂ ಪೇಟೆಗೂ ತಕ್ಕಮಟ್ಟಿಗೆ ತಾಳೆಯಾಯಿತು. ಅಷ್ಟೇ ಅಲ್ಲ, ಕಾಯಿಸಿದ ಲೋಹದಲ್ಲಿ ಶಾಖವು ಹರಡುವುದಕ್ಕೆ ಫೂರಿಯೇ ಬರೆದ ಸಮೀಕರಣವೇ ಧಾರಣೆಯ ಸಂಭಾವ್ಯತೆ ಹರಡುವುದಕ್ಕೂ ಒಪ್ಪುತ್ತದೆಂದು ಆತ ತೋರಿಸಿದನು. ನೀರಿನಲ್ಲಿ ಪರಾಗದ ಕಣಗಳು ತತ್ತರಿಸುವುದನ್ನು ರಾಬರ್ಟ್ ಬ್ರೌನನು 1827ರಲ್ಲಿ ಕಂಡಿದ್ದನಷ್ಟೆ. ಆ ಚಲನೆಯ ಗಣಿತವನ್ನು ಐನ್‌ಸ್ಟೈನನು ಬಿಡಿಸಿದ್ದು 1905ರಲ್ಲಿ. ಅಂಥದೇ ಗಣಿತವನ್ನು ಪೇಟೆಯ ಗದ್ದಲದಲ್ಲಿ ಬಾಶೆಲಿಯೇ ಐದು ವರ್ಷ ಮೊದಲೇ ಹಿಡಿದಿದ್ದನು.

ಪರೀಕ್ಷಕರು ಆಪೆಲ್, ಬೂಸಿನೆಸ್ಕ್ ಮತ್ತು ಮಹಾಪಂಡಿತ ಆನ್ರಿ ಪ್ವಾಂಕರೇ. ಪ್ವಾಂಕರೇ ಈತನನ್ನು ತುಳಿದನೆಂಬ ಒಂದು ಕಥೆ ಪ್ರಚಾರದಲ್ಲಿದೆ; ಅದು ಸರಿಯಲ್ಲ. ಪ್ರಬಂಧದ ವಿಷಯ ರೂಢಿಗೆ ದೂರವಾದುದೆಂದು ಆತ ವರದಿಯಲ್ಲಿ ಬರೆದದ್ದು ನಿಜ. ಆದರೆ ಫೂರಿಯೇಯ ಸಮೀಕರಣವನ್ನು ಮುಟ್ಟಿದ ಬಗೆಯನ್ನು ವಿಶೇಷವಾಗಿ ಮೆಚ್ಚಿಕೊಂಡನು. ಕೊನೆಗೆ ದೊರೆತ ಶ್ರೇಣಿ ಮಾತ್ರ ‘ಗೌರವಾರ್ಹ’ ಎಂಬುದು. ಅದಕ್ಕಿಂತ ಮೇಲಿನ ‘ಅತ್ಯಂತ ಗೌರವಾರ್ಹ’ವಲ್ಲ. ಒಂದು ವಿಶೇಷಣ ಕಡಮೆಯಾಯಿತು. ವ್ಯಾಕರಣ ಕಲಿಸುವ ನಮಗೆ ವಿಶೇಷಣವೆಂದರೆ ಹಗುರವಾದ ಪದಜಾತಿ; ಈತನ ಬಾಳಿನಲ್ಲಿ ಅದರ ಭಾರ ಬಹಳ.

1909ರಿಂದ 1914ರವರೆಗೆ ಸೋರ್ಬಾನಿನಲ್ಲಿ ಆತ ಖಾಯಂ ಹುದ್ದೆಯಿಲ್ಲದೆ ಉಪನ್ಯಾಸ ಮಾಡಿದನು. 1912ರಲ್ಲಿ ಸಂಭಾವ್ಯತಾಶಾಸ್ತ್ರದ ಗ್ರಂಥವೊಂದು, 1914ರಲ್ಲಿ ಆಟ, ಅದೃಷ್ಟ, ಆಕಸ್ಮಿಕಗಳನ್ನು ಕುರಿತ ಜನಪ್ರಿಯ ಪುಸ್ತಕವೊಂದು ಹೊರಬಂದವು. ಹುದ್ದೆ ಖಾಯಂ ಆಗುವ ಹೊತ್ತಿಗೆ ಮಹಾಯುದ್ಧ ಸಿಡಿಯಿತು. ಸಾಮಾನ್ಯ ಸಿಪಾಯಿಯಾಗಿ ಹೋದವನು ಯುದ್ಧ ಮುಗಿದಾಗ ಲೆಫ್ಟಿನೆಂಟ್ ಆಗಿದ್ದನು. ಪ್ಯಾರಿಸ್ಸಿನ ಹುದ್ದೆ ಮಾತ್ರ ಉಳಿಯಲಿಲ್ಲ. ಮುಂದೆ ಬೆಸಾನ್ಸೋನ್, ದಿಜೋನ್, ರೆನ್ ಎಂದು ಊರಿಂದೂರಿಗೆ ತಾತ್ಕಾಲಿಕ ಕೆಲಸ. 1920ರಲ್ಲಿ ಮದುವೆಯಾಯಿತು, ಹೆಂಡತಿ ಬಹುಕಾಲ ಬದುಕಲಿಲ್ಲ.

1926ರಲ್ಲಿ ದಿಜೋನಿನ ಪ್ರಾಧ್ಯಾಪಕಪದವಿಗೆ ಆತ ಅರ್ಜಿ ಹಾಕಿದನು. ಅಲ್ಲಿಯ ಪ್ರಾಧ್ಯಾಪಕ ಜೆವ್ರೇ ಎಂಬಾತ, ಬಾಶೆಲಿಯೇಯ 1913ರ ಲೇಖನವೊಂದರಲ್ಲಿ ದೋಷವಿದೆಯೆಂದು ಪಾಲ್ ಲೆವಿಯ ಅಭಿಪ್ರಾಯ ಕೇಳಿದನು. ಲೆವಿ ಸಂಭಾವ್ಯತಾಶಾಸ್ತ್ರದಲ್ಲಿ ಆಗಲೇ ಹೆಸರಾದವನು. ದೋಷವಿದೆಯೆಂದು ಆತನೂ ಬರೆದುಕೊಟ್ಟನು. ಆ ಒಂದು ಕಾಗದದಿಂದ ಕೆಲಸ ಬೇರೆಯವರಿಗೆ ಹೋಯಿತು. ಇಡೀ ಗ್ರಂಥರಾಶಿಯನ್ನು ಬದಿಗಿಟ್ಟು ಒಂದು ಪುಟದಿಂದ ಮನುಷ್ಯನನ್ನು ಅಳೆಯುವ ಈ ಚಾಳಿ ಗಣಿತದವರದೊಂದೇ ಅಲ್ಲ. ಒಂದು ಅಪಪಾಠ ಹಿಡಿದು ಸಂಪಾದನೆಯನ್ನೆಲ್ಲ ತಿಪ್ಪೆಗೆಸೆದ ವಿಮರ್ಶೆಗಳನ್ನು ನಮ್ಮವರೂ ಬರೆದಿದ್ದಾರೆ. ಬಾಶೆಲಿಯೇ ಸುಮ್ಮನಿರದೆ ಕೋಪದಿಂದ ಪ್ರತಿಭಟಿಸಿದನು. ಫಲವೇನೂ ಆಗಲಿಲ್ಲ. ಮರುವರ್ಷ ಬೆಸಾನ್ಸೋನಿನಲ್ಲಿ, ವಿಕ್ಟರ್ ಹ್ಯೂಗೋ ಹುಟ್ಟಿದ ಆ ಊರಿನಲ್ಲಿ, ಕೊನೆಗೂ ಖಾಯಂ ಪ್ರಾಧ್ಯಾಪಕನಾದನು. ಆಗ ಆತನಿಗೆ 57 ವಯಸ್ಸು. ಹತ್ತು ವರ್ಷಕ್ಕೆ ನಿವೃತ್ತಿ.

1931ರಲ್ಲಿ ರಷ್ಯದ ಕೋಲ್ಮೊಗೊರೋವನು ತನ್ನ ಪ್ರಸಿದ್ಧ ಲೇಖನದಲ್ಲಿ ಬಾಶೆಲಿಯೇಯ ಹೆಸರನ್ನು ಆದರದಿಂದ ಸ್ಮರಿಸಿದನು. ಅದನ್ನು ಕಂಡ ಲೆವಿ ಹಳೆಯ ಲೇಖನಗಳನ್ನು ಮತ್ತೆ ತೆರೆದು ಓದಿ, ತನ್ನ ತೀರ್ಪಿಗಾಗಿ ವಿಷಾದಿಸಿ ಬಾಶೆಲಿಯೇಗೆ ಪತ್ರ ಬರೆದನು. ಲೆವಿಯ ದೊಡ್ಡತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಿಜೋನಿನ ಹುದ್ದೆ ಆ ಪತ್ರದಿಂದ ಮರಳಿ ಬರುವಂತಿರಲಿಲ್ಲ. 1946ರ ಏಪ್ರಿಲ್ 28ರಂದು ಬ್ರಿಟನಿಯ ಕಡಲತೀರದ ಸೇಂಟ್ ಸೆರ್ವಾನಿನಲ್ಲಿ ಬಾಶೆಲಿಯೇ ತೀರಿಕೊಂಡನು.

ಕೀರ್ತಿ ಬಂದದ್ದು ಅನಂತರ. 1950ರ ದಶಕದ ನಡುವೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ಯಾವೇಜನು 1914ರ ಆ ಪುಸ್ತಕವನ್ನು ಕಂಡು, ಈತನಾರೆಂದು ಅರ್ಥಶಾಸ್ತ್ರದ ಮಿತ್ರರಿಗೆ ಕಾರ್ಡು ಬರೆದು ವಿಚಾರಿಸಿದನು. ಕಾರ್ಡು ಪಡೆದವರಲ್ಲೊಬ್ಬನಾದ ಪಾಲ್ ಸ್ಯಾಮ್ಯುಯೆಲ್ಸನ್ ಹುಡುಕಿ ಪ್ರಬಂಧವನ್ನೇ ಓದಿದನು. 1964ರಲ್ಲಿ ಅದು ಇಂಗ್ಲಿಷಿಗೆ ಬಂತು. ಬಾಶೆಲಿಯೇಯ ಲೆಕ್ಕದಲ್ಲಿ ಧಾರಣೆಯು ಸೊನ್ನೆಗಿಂತಲೂ ಕೆಳಗಿಳಿಯಬಹುದು. ಷೇರಿನ ಬೆಲೆ ಹಾಗೆ ಇಳಿಯಲಾರದೆಂದು ಸ್ಯಾಮ್ಯುಯೆಲ್ಸನ್ ತಿದ್ದಿದನು. ಆ ದಾರಿಯಲ್ಲೇ 1973ರಲ್ಲಿ ಬ್ಲ್ಯಾಕ್, ಶೋಲ್ಸ್, ಮರ್ಟನ್ ಇವರ ಸೂತ್ರ ಹುಟ್ಟಿತು. 1997ರಲ್ಲಿ ಅದಕ್ಕಾಗಿ ಶೋಲ್ಸ್ ಮತ್ತು ಮರ್ಟನ್‌ರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಬ್ಲ್ಯಾಕ್ ಎರಡು ವರ್ಷ ಮೊದಲೇ ತೀರಿಕೊಂಡಿದ್ದನು. ಇಂದು ಈ ಗಣಿತವನ್ನು ಕಲಿತ ತರುಣರು ಬೆಂಗಳೂರಿನ ಕಚೇರಿಗಳಲ್ಲಿಯೂ ಇದ್ದಾರೆ. ಕಲಿಯದೆ ಕೈಹಾಕುವವರು ಅವರಿಗಿಂತ ಎಷ್ಟೋ ಹೆಚ್ಚು. 2024ರ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಇಂಥ ಕರಾರುಗಳ ಪೇಟೆಗಿಳಿದ ಬಿಡಿವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟಪಟ್ಟರೆಂದು ಸೆಬಿಯ ಅಧ್ಯಯನ ತಿಳಿಸುತ್ತದೆ. ಬಾಶೆಲಿಯೇ ಹೇಳಿದ ಸೊನ್ನೆಯಲ್ಲಿ ದಲ್ಲಾಳಿಯ ಪಾಲನ್ನು ಕಳೆದರೆ ಉಳಿಯುವುದೇನೆಂದು ವಾಚಕರೇ ಲೆಕ್ಕಹಾಕಬಹುದು.

ಇನ್ನೊಂದು ಸಂಗತಿ. 2020ರ ಏಪ್ರಿಲ್ 20ರಂದು, ಸಾಂಕ್ರಾಮಿಕ ರೋಗದಿಂದ ಲೋಕವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದಾಗ, ಅಮೆರಿಕದ ಕಚ್ಚಾತೈಲದ ಮುಂಗಡ ಕರಾರಿನ ಧಾರಣೆ ಸೊನ್ನೆಯನ್ನೂ ದಾಟಿ ಪೀಪಾಯಿಗೆ ಋಣ 37 ಡಾಲರಿಗೆ ಇಳಿಯಿತು. ಕೊಂಡುಹೋಗುವವನಿಗೆ ಮಾರುವವನೇ ಹಣ ಕೊಡುವ ಪರಿಸ್ಥಿತಿ. ಸೊನ್ನೆಯ ಕೆಳಗೆ ಹೊಸ ಸೂತ್ರಗಳು ನಡೆಯಲಿಲ್ಲ. ಅದೇ ವಾರ ಷಿಕಾಗೋದ ವಿನಿಮಯಕೇಂದ್ರವು ತೈಲದ ಆಪ್ಷನ್‌ಗಳ ಲೆಕ್ಕಕ್ಕೆ 1900ರ ಬಾಶೆಲಿಯೇ ಮಾದರಿಯನ್ನು ಬಳಸತೊಡಗಿತು.