ಬಣ್ಣಕ್ಕೆ ಮರುಳಾಗಬೇಡಿ, ಮಗುಚಿ ನೋಡಿ

ಅಮೆರಿಕದಲ್ಲಿ ಯಾವ ಕಂಪನಿಗೂ ಸೇರದ ರೈಲುಗಳು ಬೇಕಾದಷ್ಟಿವೆ. ಅವು ಓಡುವುದು ಮನೆಗಳ ನೆಲಮಾಳಿಗೆಯಲ್ಲಿ, ಕಾರ್ ಶೆಡ್ಡಿನ ಮೂಲೆಯಲ್ಲಿ, ಮಕ್ಕಳು ಬಿಟ್ಟುಹೋದ ಕೋಣೆಯಲ್ಲಿ. ಪ್ಲೈವುಡ್ ಹಲಗೆಯ ಮೇಲೆ ಬೆಟ್ಟ, ಸುರಂಗ, ಗೂಡ್ಸ್ ಯಾರ್ಡು, ಸಿಗ್ನಲ್ಲು ಎಲ್ಲವೂ ಎದ್ದು ನಿಂತಿರುತ್ತವೆ. ಹಗಲೆಲ್ಲ ಲೆಕ್ಕ ಬರೆದವರು, ಪಾಠ ಹೇಳಿದವರು ಸಂಜೆ ಅಲ್ಲಿ ಡ್ರೈವರ್, ಗಾರ್ಡ್, ಸ್ಟೇಷನ್ ಮಾಸ್ತರ್ ಆಗುತ್ತಾರೆ. ಮಾಡೆಲ್ ರೈಲ್ರೋಡಿಂಗ್ ಎಂಬ ಈ ಹವ್ಯಾಸಕ್ಕೆ ಕಾಲಿಡುವವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಕೈಗೆಟುಕುವ ಬೆಲೆಯಲ್ಲಿ, ಕೈಕೊಡದ ಎಂಜಿನ್ ಯಾವುದು?

ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಬಣ್ಣ. ಸಾಂಟಾ ಫೆ ರೈಲ್ವೆಯ ಕೆಂಪು-ಬೆಳ್ಳಿ, ಯೂನಿಯನ್ ಪೆಸಿಫಿಕ್‌ನ ಹಳದಿ, ಸಾಲಾಗಿ ಮೂಡಿಸಿದ ರಿವೆಟ್ಟುಗಳು, ಕೂದಲೆಳೆಯ ಕೈಹಿಡಿಗಳು. ಇವು ಬೆಲೆಯನ್ನು ಏರಿಸುತ್ತವೆಯೇ ಹೊರತು ಎಂಜಿನ್ನನ್ನು ಚೆನ್ನಾಗಿ ಓಡಿಸುವುದಿಲ್ಲ. ಓಟ ಇರುವುದು ತಳದಲ್ಲಿ. ಹಳಬರು ಎಂಜಿನ್ ಕೈಗೆ ಬಂದೊಡನೆ ಅದನ್ನು ಮಗುಚಿ ಗಾಲಿ ನೋಡುವುದು ಇದಕ್ಕೇ.

ಅಳತೆಯ ಲೆಕ್ಕ

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ನಿಜವಾದ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಅಂತರ. ಸುಮಾರು 17 ಮೀಟರ್ ಉದ್ದದ ಎಂಜಿನ್ ಈ ಅಳತೆಯಲ್ಲಿ 20 ಸೆಂ.ಮೀ.ಗೆ ಇಳಿಯುತ್ತದೆ. ಇದಕ್ಕಿಂತ ಚಿಕ್ಕದು ಎನ್ ಅಳತೆ: 160ನೇ ಒಂದು ಪಾಲು, ಹಳಿಯಂತರ 9 ಮಿ.ಮೀ. ಜಾಗ ತೀರ ಕಡಿಮೆ ಇದ್ದವರಿಗೆ ಎನ್ ಸರಿ. ಉಳಿದವರು ಎಚ್‌ಒ ಹಿಡಿಯುವುದೇ ಲಾಭ. ಆಯ್ಕೆ ಹೆಚ್ಚು, ಬಿಡಿಭಾಗ ಸುಲಭ, ಹಳೆಯ ಮಾಲು ಧಾರಾಳ.

ಇನ್ನೊಂದು ಅನುಕೂಲವೂ ಇದೆ. 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ನ್ಯಾಷನಲ್ ಮಾಡೆಲ್ ರೈಲ್ರೋಡ್ ಅಸೋಸಿಯೇಷನ್ ಗಾಲಿ, ಹಳಿಗಳಿಗೆಲ್ಲ ಮಾನದಂಡ ನಿಗದಿ ಮಾಡಿತು. ಹಾಗಾಗಿ ಒಂದು ಕಂಪನಿಯ ಹಳಿಯ ಮೇಲೆ ಇನ್ನೊಂದು ಕಂಪನಿಯ ಎಂಜಿನ್ ಓಡುತ್ತದೆ. ಮೊದಲು ಕೊಂಡ ಕಂಪನಿಗೇ ಜೀವಮಾನವಿಡೀ ಅಂಟಿಕೊಳ್ಳಬೇಕಿಲ್ಲ.

ಉಗಿಬಂಡಿಗಿಂತ ಡೀಸೆಲ್ ಏಕೆ?

ಉಗಿ ಎಂಜಿನ್ನಿನ ಅಂದವೇ ಬೇರೆ. ಆದರೆ ಅದರ ಸರಳುಗಳು, ಕವಾಟದ ಕೀಲುಗಳು, ಒಂದೇ ಚೌಕಟ್ಟಿಗೆ ಬಿಗಿದ ದೊಡ್ಡ ಗಾಲಿಗಳು ಹೊಸಬರ ಸಹನೆ ಪರೀಕ್ಷಿಸುತ್ತವೆ. ಡೀಸೆಲ್ ಎಂದರೆ ಒಂದು ಪೆಟ್ಟಿಗೆ, ಅದರ ಕೆಳಗೆ ಎರಡು ಗಾಲಿ ಜೋಡಣೆ. ಈ ಜೋಡಣೆಗಳಿಗೆ ಅಮೆರಿಕನ್ನರು ಟ್ರಕ್ ಎನ್ನುತ್ತಾರೆ. ಎರಡೂ ಸಲೀಸಾಗಿ ತಿರುಗುತ್ತವೆ. ಎಲ್ಲ ಗಾಲಿಗಳಿಗೂ ಮೋಟಾರಿನ ಬಲ ಮುಟ್ಟಿಸುವುದು ಸುಲಭ. ಅದಕ್ಕೇ ಕಡಿಮೆ ಬೆಲೆಗೆ ಹೆಚ್ಚು ಭರವಸೆ ಕೊಡುವುದು ಡೀಸೆಲ್.

ಡೀಸೆಲ್‌ಗಳಲ್ಲೂ ಹೊಸಬರಿಗೆ ಹೇಳಿ ಮಾಡಿಸಿದ್ದು ನಾಲ್ಕು ಅಚ್ಚಿನವು. ಜನರಲ್ ಮೋಟರ್ಸ್‌ನ ಇಎಂಡಿ ವಿಭಾಗ 1949ರಲ್ಲಿ ತಂದ ಜಿಪಿ7, 1954ರ ಜಿಪಿ9, 1972ರ ಜಿಪಿ38-2. ಆಲ್ಕೋ ಕಂಪನಿಯ 1950ರ ಆರ್‌ಎಸ್-3. ಜಿಪಿ9 ಒಂದೇ 4,000ಕ್ಕೂ ಹೆಚ್ಚು ತಯಾರಾಯಿತು. ಗೂಡ್ಸ್, ಪ್ಯಾಸೆಂಜರ್, ಯಾರ್ಡಿನ ಶಂಟಿಂಗ್ ಎಲ್ಲಕ್ಕೂ ಒದಗಿದ ಎಂಜಿನ್‌ಗಳಿವು. ನಿಮ್ಮ ಪುಟ್ಟ ರೈಲ್ವೆಯಲ್ಲೂ ಯಾವ ರೈಲಿಗೆ ಕಟ್ಟಿದರೂ ಅಸಹಜ ಎನಿಸುವುದಿಲ್ಲ.

ಎಸ್‌ಡಿ40-2ರಂಥ ಆರು ಅಚ್ಚಿನವು ಇನ್ನೂ ಗಂಭೀರವಾಗಿ ಕಾಣುತ್ತವೆ, ನಿಜ. ಆದರೆ ಟ್ರೈನ್ ಸೆಟ್ಟಿನ ಜೊತೆ ಬರುವ ಹಳಿಯ ತಿರುವಿನ ತ್ರಿಜ್ಯ 18 ಇಂಚು ಮಾತ್ರ. ನಾಲ್ಕು ಅಚ್ಚಿನದು ಅಲ್ಲಿ ಆರಾಮವಾಗಿ ಹೊರಳುತ್ತದೆ. ಆರು ಅಚ್ಚಿನದಕ್ಕೆ 22 ಇಂಚಾದರೂ ಬೇಕು, 24 ಇದ್ದರೆ ವಾಸಿ.

ಆಲ್ಕೋ, ಇಎಂಡಿ ಎಂಬ ಹೆಸರುಗಳು ಕರ್ನಾಟಕದ ರೈಲುಪ್ರಿಯರಿಗೆ ತೀರ ಅಪರಿಚಿತವೇನಲ್ಲ. ನಮ್ಮ ಹಳಿಗಳ ಮೇಲೆ ದಶಕಗಟ್ಟಲೆ ದುಡಿದ ಡಬ್ಲ್ಯುಡಿಎಂ-2 ಮೂಲದಲ್ಲಿ ಆಲ್ಕೋ ವಿನ್ಯಾಸ. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಇಎಂಡಿ ಕುಲದ್ದು.

ತಳದಲ್ಲಿ ನೋಡಬೇಕಾದ್ದು

ಮೊದಲು ಗಾಲಿ. ಎಲ್ಲ ಗಾಲಿಗಳೂ ಹಳಿಯಿಂದ ವಿದ್ಯುತ್ ಎತ್ತಬೇಕು, ಎಲ್ಲವೂ ಎಳೆಯಬೇಕು. ಅಗ್ಗದ ಎಂಜಿನ್ನುಗಳಲ್ಲಿ ಒಂದೇ ಟ್ರಕ್ಕಿಗೆ ಚಪ್ಪಟೆ ಮೋಟಾರು ಕೂರಿಸಿ, ಹಿಡಿತಕ್ಕೆಂದು ಗಾಲಿಗೆ ರಬ್ಬರ್ ಉಂಗುರ ತೊಡಿಸಿರುತ್ತಾರೆ. ಹಳಿ ಕವಲೊಡೆಯುವಲ್ಲಿ ಪ್ಲಾಸ್ಟಿಕ್ ತುಂಡೊಂದು ಇರುತ್ತದೆ; ಅಲ್ಲಿ ವಿದ್ಯುತ್ ಹರಿಯದು. ಎಂಟೂ ಗಾಲಿಗಳಿಂದ ವಿದ್ಯುತ್ ಎತ್ತುವ ಎಂಜಿನ್ ಅದನ್ನು ಸದ್ದಿಲ್ಲದೆ ದಾಟುತ್ತದೆ. ನಾಲ್ಕರಿಂದ ಎತ್ತುವುದು ನಡುವೆ ನಿಂತು ನಿಮ್ಮ ಬೆರಳು ತಳ್ಳಲಿ ಎಂದು ಕಾಯುತ್ತದೆ.

ಎರಡನೆಯದು ಒಡಲು. ಒಳ್ಳೆಯ ಎಂಜಿನ್ನಿನಲ್ಲಿ ಮೋಟಾರು ನಟ್ಟನಡುವೆ ಕೂತಿರುತ್ತದೆ. ಅದರ ಎರಡೂ ತುದಿಗೆ ಹಿತ್ತಾಳೆಯ ಫ್ಲೈವ್ಹೀಲ್, ಅಲ್ಲಿಂದ ಒಂದೊಂದು ದಂಡ ಎರಡೂ ಟ್ರಕ್ಕುಗಳ ಗೇರಿಗೆ. ಕ್ಷಣಕಾಲ ವಿದ್ಯುತ್ ತಪ್ಪಿದರೂ ಫ್ಲೈವ್ಹೀಲ್ ತನ್ನ ರಭಸದಿಂದ ಮುಂದಕ್ಕೆ ಒಯ್ಯುತ್ತದೆ. ನಿಲ್ಲುವಾಗಲೂ ಮುಗ್ಗರಿಸಲು ಬಿಡುವುದಿಲ್ಲ. ಕೈಯಲ್ಲಿ ತೂಗಿ ನೋಡಿ: ಲೋಹದ ಚೌಕಟ್ಟಿನ ಭಾರ ಗೊತ್ತಾಗಬೇಕು. ಭಾರವಿಲ್ಲದೆ ಎಳೆಯುವ ಶಕ್ತಿ ಬರದು.

ಮೂರನೆಯದು ಕೊಂಡಿ. ಆರೆಗಾನ್‌ನ ಕೇಡೀ ಕಂಪನಿಯ 5ನೇ ನಂಬರಿನ ಕೊಂಡಿ ಎಚ್‌ಒ ಲೋಕದಲ್ಲಿ ಮಾದರಿಯಾಗಿ ನಿಂತಿದೆ. ಅದು ಅಥವಾ ಅದಕ್ಕೆ ಹೊಂದುವ ಲೋಹದ ಕೊಂಡಿ ಇದ್ದರೆ ಮುಂದೆ ವ್ಯಾಗನ್ ಕೊಳ್ಳುವಾಗ ತಲೆನೋವಿಲ್ಲ.

ಕೊನೆಗೆ ನಿಧಾನದ ಪರೀಕ್ಷೆ. ವೇಗವಾಗಿ ಯಾವ ಎಂಜಿನ್ನೂ ಓಡುತ್ತದೆ. ಥ್ರಾಟಲ್ಲನ್ನು ತುಸುವೇ ತಿರುಗಿಸಿ, ಹಳಿಯ ಅಡ್ಡಪಟ್ಟಿಗಳನ್ನು ಒಂದೊಂದಾಗಿ ಎಣಿಸುವಷ್ಟು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಸಾಗುತ್ತದೆಯೇ ನೋಡಿ. ಆ ಮೆಲ್ಲನೆಯ ಓಟದಲ್ಲೇ ಎಂಜಿನ್ನಿನ ಗುಣ ಇರುವುದು.

ಯಾರ ಮಾಲು?

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಅರ್ವಿನ್ ಅಥರ್ನ್ ಕಟ್ಟಿದ ಕಂಪನಿ 1950ರ ದಶಕದಲ್ಲಿ ರಬ್ಬರ್ ಬ್ಯಾಂಡಿನಿಂದ ಓಡುವ ಎಂಜಿನ್‌ಗಳನ್ನು ಅಗ್ಗಕ್ಕೆ ಮಾರಿತು. ಹಿಡಿತಕ್ಕೆ ಸಿಗದ ಓಟ ಅವುಗಳದು. ಆಮೇಲೆ ಬಂದ ಗೇರಿನ ಎಂಜಿನ್‌ಗಳು ನೀಲಿ ಡಬ್ಬಿಯಲ್ಲಿ ಬಂದು ‘ಬ್ಲೂ ಬಾಕ್ಸ್’ ಎಂದೇ ಹೆಸರಾದವು. ಸದ್ದು ಜಾಸ್ತಿ, ಆದರೆ ಬಿಚ್ಚಿ ತೊಳೆದು ಜೋಡಿಸಿದರೆ ಮತ್ತೆ ದುಡಿಯುತ್ತವೆ. ಜಪಾನಿನ ಕಾಟೊ ನುಣುಪಾದ ಓಟಕ್ಕೆ ಹೆಸರುವಾಸಿ. ನ್ಯೂಜೆರ್ಸಿಯ ಅಟ್ಲಾಸ್ ಕಂಪನಿಗಾಗಿ ಅದು 1980ರ ದಶಕದಲ್ಲಿ ಮಾಡಿಕೊಟ್ಟ ಆಲ್ಕೋ ಮಾದರಿಗಳನ್ನು ಇಂದಿಗೂ ಜನ ಹುಡುಕಿ ಕೊಳ್ಳುತ್ತಾರೆ. 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಬಾಕ್‌ಮನ್ ಈಗ ಹಾಂಗ್‌ಕಾಂಗ್‌ನ ಕೇಡರ್ ಕಂಪನಿಯ ಕೈಯಲ್ಲಿದೆ. ಅದರ ಹಳೆಯ ಟ್ರೈನ್ ಸೆಟ್ ಎಂಜಿನ್ ಬೇಡ; ಎಲ್ಲ ಗಾಲಿಗೂ ಬಲವಿರುವ ಈಚಿನವನ್ನು ಧೈರ್ಯವಾಗಿ ನೋಡಬಹುದು.

ಕಡಿಮೆ ಅಲಂಕಾರ, ಗಟ್ಟಿ ಯಂತ್ರ ಎಂಬ ಸೂತ್ರದ ಮೇಲೆ ವಾಲ್ಥರ್ಸ್‌ನ ಮೇನ್‌ಲೈನ್, ಅಟ್ಲಾಸ್‌ನ ಟ್ರೇನ್‌ಮನ್, ಅಥರ್ನ್‌ನ ರೌಂಡ್‌ಹೌಸ್ ಶ್ರೇಣಿಗಳಿವೆ. ಮೊದಲ ಎಂಜಿನ್ನನ್ನು ಈ ಸಾಲಿನಲ್ಲಿ ಹುಡುಕುವುದು ಜಾಣತನ. ಶಬ್ದವಿಲ್ಲದ ಇಂಥ ಎಂಜಿನ್ ಸುಮಾರು 100ರಿಂದ 150 ಡಾಲರ್. ಶಬ್ದವೂ ಸೂಕ್ಷ್ಮ ಅಲಂಕಾರವೂ ಸೇರಿದರೆ ಬೆಲೆ 300 ದಾಟುತ್ತದೆ.

ಡಿಸಿಯೋ, ಡಿಸಿಸಿಯೋ?

ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಯ ವೋಲ್ಟೇಜ್ ಏರಿಳಿಸಿ ವೇಗ ಹಿಡಿಯುತ್ತಾರೆ. ಒಂದೇ ಹಳಿಯಲ್ಲಿ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಡಿಸಿಸಿ ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ಣ ವಿದ್ಯುತ್. ಪ್ರತಿ ಎಂಜಿನ್ನಿನೊಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಈ ತಂತ್ರ 1990ರ ದಶಕದಲ್ಲಿ ಮಾನದಂಡವಾಯಿತು. ಒಂದೇ ಎಂಜಿನ್ ಇರುವ ಮನೆಗೆ ಡಿಸಿ ಸಾಕು. ಆದರೆ ಡಿಕೋಡರ್ ಕೂರಿಸುವ ಸಾಕೆಟ್ ಇರುವುದನ್ನೇ ಕೊಳ್ಳಿ. ಮುಂದೆ ಮನಸ್ಸು ಬದಲಾದರೆ ಹೊಸ ಎಂಜಿನ್ ಬೇಕಾಗದು.

ಹಳೆಯದನ್ನು ಕೊಳ್ಳುವವರಿಗೆ

ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಮ್‌ಹರ್ಸ್ಟ್ ರೈಲ್ವೆ ಸೊಸೈಟಿ ಪ್ರತಿ ಜನವರಿಯಲ್ಲಿ ನಡೆಸುವ ದೊಡ್ಡ ಜಾತ್ರೆಯಂಥ ಕಡೆ ಹಳೆಯ ಮಾಲು ರಾಶಿ ಬೀಳುತ್ತದೆ. ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಓಡುವಾಗ ಲಯಬದ್ಧವಾಗಿ ಟಿಕ್ ಟಿಕ್ ಎಂದರೆ ಅಚ್ಚಿನ ಪ್ಲಾಸ್ಟಿಕ್ ಗೇರ್ ಸೀಳಿರುವ ಸಂಭವ ಹೆಚ್ಚು. 1990ರ ದಶಕದ ‘ಪ್ರೋಟೋ 2000’ ಎಂಜಿನ್‌ಗಳಲ್ಲಿ ಇದು ಎಲ್ಲರೂ ಬಲ್ಲ ದೋಷ. ಬದಲಿ ಗೇರ್ ಸಿಗುತ್ತದೆ, ದುಬಾರಿಯೂ ಅಲ್ಲ; ದೋಷ ಗೊತ್ತಿದ್ದರೆ ಚೌಕಾಶಿಗೂ ಅನುಕೂಲ.

ಮನೆಗೆ ತಂದ ಮೇಲೆ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಓಡಿಸಿ ಪಳಗಿಸಿ. ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆ ಒಂದೊಂದು ಹನಿ ಸಾಕು. ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಕಾಗದವನ್ನು ಹಳಿಯ ಮೇಲೆ ಹಾಸಿ, ಅದರ ಮೇಲೆ ಗಾಲಿ ತಿರುಗಿಸಿದರೆ ಕೊಳೆಯೆಲ್ಲ ಬಿಡುತ್ತದೆ. ‘ಎಂಜಿನ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರು ಅಲ್ಲಿಂದ ಟ್ರೈನ್ ಸೆಟ್ ಹೊತ್ತು ತರುವುದಿದ್ದರೆ ಒಂದು ಎಚ್ಚರಿಕೆ: ಜೊತೆಗೆ ಬರುವ ಪವರ್ ಪ್ಯಾಕ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ತಕ್ಕ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇಷ್ಟೆಲ್ಲ ಕೇಳಿದ ಮೇಲೂ ‘ಯಾವುದು ಅಂತ ಒಂದು ಹೇಳಿ’ ಎನ್ನುವವರಿಗೆ ಉತ್ತರ ಇದು: ಎಚ್‌ಒ ಅಳತೆಯ ಜಿಪಿ ಜಾತಿಯ ಒಂದು ಡೀಸೆಲ್, ನಾಲ್ಕು ಅಚ್ಚು, ಎಲ್ಲ ಗಾಲಿಗೂ ಬಲ, ಎರಡು ಫ್ಲೈವ್ಹೀಲ್, ಡಿಕೋಡರಿಗೆ ಸಾಕೆಟ್, ಲೋಹದ ಕೊಂಡಿ. ಇವಿಷ್ಟೂ ಕೂಡಿಬಂದರೆ ಬಣ್ಣ ನಿಮ್ಮಿಷ್ಟ.